ಆರ್‌ಸಿಂಕ್: ಗಂಗಾವತಿಯ ರೈಸ್‌ಮಿಲ್‌ನಿಂದ ಕೊಪ್ಪಳದ ಆಫೀಸಿಗೆ ಬ್ಯಾಕಪ್

ಕಾಟಾದ ತೂಕ, ಲಾರಿ ನಂಬರು, ಬಿಲ್ಲು ಎಲ್ಲ ಇರುವ ಮೈಎಸ್‌ಕ್ಯೂಎಲ್ ಡಂಪು (ಡೇಟಾಬೇಸನ್ನು ಫೈಲಿಗೆ ಬರೆಸಿದ ಪ್ರತಿ) ದಿನಾ ರಾತ್ರಿ ಮಿಲ್ಲಿನಿಂದ ಕೊಪ್ಪಳದ ಲಿನಕ್ಸ್ ಸರ್ವರಿಗೆ ಹೋಗಬೇಕು. ನಡುವೆ ಕರೆಂಟು ಹೋಗುತ್ತದೆ, ನೆಟ್ಟು ಕಡಿಯುತ್ತದೆ. ಈ ಕೆಲಸಕ್ಕೆ 1996ರಲ್ಲಿ ಬಂದ, ಫೈಲುಗಳನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ನಕಲು ಮಾಡುವ ಆರ್‌ಸಿಂಕ್ ಇವತ್ತಿಗೂ ಸಾಕು, ದುಡ್ಡೂ ಬೇಡ. ಆದರೆ ಬದಲಾದ ಭಾಗವನ್ನಷ್ಟೇ ಕಳಿಸುವ ಅದರ ಹೆಚ್ಚುಗಾರಿಕೆ ತಾನಾಗಿ ಸಿಗುವುದಿಲ್ಲ. ಫೈಲನ್ನು ಅದಕ್ಕೆ ತಕ್ಕಂತೆ ಕೊಡಬೇಕು.

ಹೆಚ್ಚಿನವರು ಎಡವುವುದು ಫೈಲನ್ನು ಕುಗ್ಗಿಸುವ ಜಿಜಿಪ್‌ನಲ್ಲಿ. ಡಂಪಿನ ಮೊದಲಲ್ಲಿ ಒಂದು ಸಾಲು ಬದಲಾದರೂ ಜಿಜಿಪ್ ಫೈಲು ಅಲ್ಲಿಂದ ಕೊನೆತನಕ ಬೇರೆಯಾಗುತ್ತದೆ, ಹೆಚ್ಚುಕಮ್ಮಿ ಇಡೀ ಫೈಲು ಮತ್ತೆ ಹೊರಡುತ್ತದೆ. ಜಿಜಿಪ್‌ಗೆ ‘--ಆರ್‌ಸಿಂಕೇಬಲ್’ ಕೊಡಿ. ಫೈಲು ಒಂಚೂರು ದಪ್ಪವಾಗುತ್ತದೆ, ಬದಲಾವಣೆ ಮಾತ್ರ ಆ ಜಾಗದ ಆಸುಪಾಸಿನಲ್ಲೇ ನಿಲ್ಲುತ್ತದೆ. ಹೆಸರಿಗೆ ತಾರೀಖು ಅಂಟಿಸುವುದೂ ಅಷ್ಟೇ ದುಬಾರಿ: ಆ ಕಡೆ ಅದೇ ಹೆಸರಿನ ಹಳೆಯ ಫೈಲು ಇಲ್ಲದಿದ್ದರೆ ಹೋಲಿಸುವುದಕ್ಕೆ ಏನೂ ಇರುವುದಿಲ್ಲ. ಒಂದೇ ಹೆಸರಲ್ಲಿ ಕಳಿಸಿ, ತಾರೀಖಿನ ಪ್ರತಿಗಳನ್ನು ಆಫೀಸಿನ ಸರ್ವರಿನಲ್ಲೇ ‘ಸಿಪಿ -ಎಎಲ್’ ಬಳಸಿ ಹಾರ್ಡ್‌ಲಿಂಕ್ (ಅದೇ ಫೈಲಿಗೆ ಇನ್ನೊಂದು ಹೆಸರು) ಮಾಡಿಕೊಳ್ಳಿ. ಹಾಗೆ ಮಾಡಿದ ಮೇಲೆ ‘--ಇನ್‌ಪ್ಲೇಸ್’ ಹತ್ತಿರ ಹೋಗಲೇಬೇಡಿ. ಅದು ಇದ್ದ ಫೈಲಿನ ಮೇಲೇ ಬರೆಯುತ್ತದೆ. ಹಳೆ ತಾರೀಖಿನ ಪ್ರತಿಗಳೆಲ್ಲ ಒಟ್ಟಿಗೇ ಕೆಡುತ್ತವೆ.

ಲೈನ್ ಕಡಿದಾಗಿನ ಸಂಗತಿ ಬೇರೆ. ‘--ಪಾರ್ಷಿಯಲ್’ ಒಂದೇ ಹಾಕಿದರೆ ಅರ್ಧ ಬಂದ ಫೈಲು ನಿನ್ನೆಯ ಪೂರ್ತಿ ಫೈಲಿನ ಜಾಗಕ್ಕೆ ಬಂದು ಕೂರುತ್ತದೆ. ‘--ಪಾರ್ಷಿಯಲ್-ಡಿರ್’ ಕೊಟ್ಟರೆ ಅದು ಬೇರೆ ಫೋಲ್ಡರಿನಲ್ಲಿ ಇರುತ್ತದೆ. ‘--ಟೈಮ್‌ಔಟ್=60’ ಬೇಕೇ ಬೇಕು. ಡಿಫಾಲ್ಟ್ 0, ಅಂದರೆ ಸತ್ತ ಕನೆಕ್ಷನ್ ಹಿಡಿದು ಕೂತೇ ಇರುತ್ತದೆ, ಅಷ್ಟರಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಶುರುಮಾಡಿಸುವ ಕ್ರಾನ್ ಇನ್ನೊಂದು ಆರ್‌ಸಿಂಕನ್ನು ಎಬ್ಬಿಸುತ್ತದೆ. ಅದನ್ನು ತಡೆಯಲು ‘ಎಫ್‌ಲಾಕ್ -ಎನ್’: ಒಂದು ಓಡುತ್ತಿದ್ದರೆ ಇನ್ನೊಂದು ಶುರುವಾಗುವುದಿಲ್ಲ. ಆರ್‌ಸಿಂಕ್ ನಿಂತಾಗ ಕೊಡುವ ಎಕ್ಸಿಟ್ ಕೋಡ್ 30 ಆದರೆ ಟೈಮ್‌ಔಟ್ ಆಗಿದೆ; ಐದು ನಿಮಿಷ ಬಿಟ್ಟು ಮತ್ತೆ ಓಡಿಸಿದರಾಯಿತು. ಬಿಲ್ಲಿಂಗ್ ಹೊತ್ತಿನಲ್ಲಿ ಕಳಿಸುವುದಾದರೆ ‘--ಬಿಡಬ್ಲ್ಯುಲಿಮಿಟ್=200’ ಹಾಕಿ. ಇದು ವೇಗದ ಮಿತಿ, ಸೆಕೆಂಡಿಗೆ ಇಷ್ಟು ಕಿಲೋಬೈಟ್ ಎಂಬ ಲೆಕ್ಕ, ಸುಮಾರು 1.6 ಎಂಬಿಪಿಎಸ್.

‘--ಡಿಲೀಟ್’ ಇಲ್ಲಿ ಬೇಡ. ಮಿಲ್ಲಿನ ಫೋಲ್ಡರು ಖಾಲಿಯಾದ ದಿನ ಆಫೀಸಿನದ್ದೂ ಖಾಲಿ.

ಡೇಟಾಬೇಸ್ ಓಡುತ್ತಿರುವಾಗ ಅದರ ಫೋಲ್ಡರನ್ನೇ ನೇರ ನಕಲು ಮಾಡಿದರೆ ಆ ಬ್ಯಾಕಪ್ಪನ್ನು ನಂಬುವಂತಿಲ್ಲ. ಇನ್ನೋಡಿಬಿ (ಮೈಎಸ್‌ಕ್ಯೂಎಲ್ ಡೇಟಾ ಇಡುವ ಒಂದು ಬಗೆ) ಟೇಬಲ್ಲುಗಳಿಗೆ ‘--ಸಿಂಗಲ್-ಟ್ರಾನ್ಸಾಕ್ಷನ್’ ಕೊಟ್ಟು ಡಂಪ್ ತೆಗೆಯಿರಿ. ಡಂಪಿನ ನಡುವೆಯೇ ಕರೆಂಟು ಹೋದರೆ ಆರ್‌ಸಿಂಕ್‌ಗೆ ಗೊತ್ತಾಗುವುದಿಲ್ಲ, ಅರ್ಧ ಫೈಲನ್ನೇ ನಿಷ್ಠೆಯಿಂದ ಮುಟ್ಟಿಸುತ್ತದೆ. ಹಾಗಾಗಿ ಮೊದಲು ತಾತ್ಕಾಲಿಕ ಹೆಸರಲ್ಲಿ ಬರೆಸಿ, ಕೊನೆಯ ಸಾಲಿನಲ್ಲಿ ‘ಡಂಪ್ ಕಂಪ್ಲೀಟೆಡ್’ ಇದೆಯೇ ಎಂದು ಸ್ಕ್ರಿಪ್ಟಿನಲ್ಲೇ ನೋಡಿ, ಆಮೇಲೆ ‘ಎಂವಿ’ಯಿಂದ ನಿಜ ಹೆಸರಿಗೆ ತನ್ನಿ.