ಕಕ್ಕಬ್ಬೆ ಕಡೆ ಜಮೈಕಾ ಊಟ: ಹಂದಿ ಮಾಂಸಕ್ಕೆ ಪೂರ್ತಿ ಅಂಕ, ಕತೆಗೆ ಅರ್ಧ

ಕೊಡಗಿನ ಕಕ್ಕಬ್ಬೆ ಕಡೆ ಕಾಫಿ ತೋಟದ ಒಂದು ಹೋಂಸ್ಟೇಯಲ್ಲಿ ಶನಿವಾರ ರಾತ್ರಿ ಜಮೈಕಾ ಊಟ ಹಾಕುತ್ತಾರೆ. ತಲೆಗೆ 1,200 ರೂಪಾಯಿ. ಹಂದಿ ಮಾಂಸ ತಿನ್ನುವವರಾದರೆ ಖಂಡಿತ ಹೋಗಿ. ಆದರೆ ಊಟದ ಜೊತೆ ಅವರು ಹೇಳುವ ಕತೆಯಲ್ಲಿ ಮುಖ್ಯವಾದ ಜನರೇ ಇಲ್ಲ, ಅದು ನನಗೆ ತುಂಬಾ ಬೇಸರ ತಂದಿತು. ಅದನ್ನೂ ಬರೆಯುತ್ತೇನೆ.

ಅಡುಗೆ ಮಾಡುವ ಅಣ್ಣ ಹಲವು ವರ್ಷ ಕ್ರೂಸ್ ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡಿದವರು. ಜೊತೆಗಿದ್ದ ಜಮೈಕಾದವರನ್ನು ನೋಡಿ ಕಲಿತರಂತೆ. ಜರ್ಕ್ ಪೋರ್ಕ್, ಅಂದರೆ ಮಸಾಲೆ ಹಚ್ಚಿ ಹೊಗೆಯಲ್ಲಿ ಬೇಯಿಸಿದ ಹಂದಿ ಮಾಂಸ, ಅದನ್ನು ನೋಡಿದರೆ ಸರಿಯಾಗಿಯೇ ಕಲಿತಿದ್ದಾರೆ ಅಂತ ಗೊತ್ತಾಗುತ್ತದೆ. ಚರ್ಮ ಸಮೇತ ದೊಡ್ಡ ದೊಡ್ಡ ತುಂಡು, ಅದಕ್ಕೆ ಆಲ್‌ಸ್ಪೈಸ್ (ಲವಂಗ, ದಾಲ್ಚಿನ್ನಿ, ಜಾಯಿಕಾಯಿ ಸೇರಿದಂಥ ಘಮದ ಮಸಾಲೆ ಕಾಯಿ), ಶುಂಠಿ, ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು, ಥೈಮ್ ಎಲ್ಲ ಅರೆದು ಹಚ್ಚಿ ರಾತ್ರಿಯಿಡೀ ಇಡುತ್ತಾರೆ. ಅಲ್ಲಿ ಹಾಕುವ ಸ್ಕಾಚ್ ಬಾನೆಟ್ ಮೆಣಸಿನಕಾಯಿ ಇಲ್ಲಿ ಸಿಗುವುದಿಲ್ಲ, ಬದಲಿಗೆ ನಮ್ಮ ಕೊಡಗಿನ ಪುಟ್ಟ ಖಾರದ ಮೆಣಸಿನಕಾಯಿ ಪರಂಗಿ ಮಾಲು. ಖಾರ ಸರಿಯಾಗಿದೆ, ಸ್ಕಾಚ್ ಬಾನೆಟ್‌ನ ಹಣ್ಣಿನಂಥ ಘಮ ಮಾತ್ರ ಇಲ್ಲ.

ಹೊಗೆಯ ವಿಷಯದಲ್ಲಿ ಅವರು ತಲೆ ಓಡಿಸಿದ್ದಾರೆ. ಜಮೈಕಾದಲ್ಲಿ ಜರ್ಕ್‌ಗೆ ಆಲ್‌ಸ್ಪೈಸ್ ಮರದ್ದೇ ಕಟ್ಟಿಗೆ ಬೇಕು. ಇಲ್ಲಿ ತೋಟದ ಮನೆಗಳ ಹತ್ತಿರ ಒಂದೋ ಎರಡೋ ಮರ ಇರುತ್ತದೆ, ಅದನ್ನು ಕಡಿಯುವವರು ಯಾರು? ಹಾಗಾಗಿ ಸೀಬೆ ಕಟ್ಟಿಗೆ ಉರಿಸಿ ಕೆಂಡ ಮಾಡಿ, ಮೇಲೆ ಆಲ್‌ಸ್ಪೈಸ್‌ನ ಹಸಿ ಎಲೆ ಹಾಕುತ್ತಾರೆ. ಸೀಬೆಯೂ ಅದೇ ಕುಟುಂಬದ ಮರ. ಮಾಂಸದ ಮೇಲೆ ತಗಡಿನ ಶೀಟ್ ಮುಚ್ಚಿರುತ್ತಾರೆ. ಶೀಟ್ ಎತ್ತಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಚುರ್ ಅನ್ನುತ್ತಿತ್ತು, ಉರಿ ಎದ್ದ ಕೂಡಲೇ ಅಣ್ಣ ನೀರು ಚಿಮುಕಿಸಿ ಆರಿಸುತ್ತಿದ್ದರು. ಚರ್ಮ ಕಪ್ಪಾಗಿತ್ತು, ಆದರೆ ಸೀದಿರಲಿಲ್ಲ. ಹಲಗೆ ಮೇಲಿಟ್ಟು ಕತ್ತಿಯಲ್ಲಿ ಕೊಚ್ಚಿದಾಗ ಒಳಗೆಲ್ಲ ರಸ. ಪಂದಿ ಕರಿ (ಕೊಡಗಿನ ಹಂದಿ ಸಾರು) ತಿಂದು ಬೆಳೆದ ನಾಲಿಗೆಗೆ, ಅದಕ್ಕೆ ಹಾಕುವ ಕಾಚಂಪುಳಿಯ ಹುಳಿ ಇಲ್ಲ ಅಂತ ಮೊದಲ ತುತ್ತಿಗೆ ಅನ್ನಿಸುತ್ತದೆ, ಎರಡನೇ ತುತ್ತಿಗೆ ಅದು ನೆನಪೂ ಆಗುವುದಿಲ್ಲ.

ಆ ಮುಚ್ಚಿಟ್ಟ ಹೊಗೆಯ ಹಿಂದೆ ಒಂದು ದೊಡ್ಡ ಕತೆ ಇದೆ. 1655ರಲ್ಲಿ ಇಂಗ್ಲಿಷರು ಸ್ಪೇನ್‌ನವರಿಂದ ಜಮೈಕಾ ಕಿತ್ತುಕೊಂಡರು. ಆ ಗಲಾಟೆಯಲ್ಲಿ, ಆಫ್ರಿಕಾದಿಂದ ಹಿಡಿದು ತಂದಿದ್ದ ಗುಲಾಮರಲ್ಲಿ ಹಲವರು ಬೆಟ್ಟ ಹತ್ತಿದರು. ಆಮೇಲೆ ಕಬ್ಬಿನ ತೋಟಗಳಿಂದ ತಪ್ಪಿಸಿಕೊಂಡವರೂ ಸೇರಿಕೊಂಡರು. ಇವರೇ ಮರೂನರು. ಪೂರ್ವದಲ್ಲಿ ಬ್ಲೂ ಮೌಂಟನ್ ಸಾಲು, ಪಶ್ಚಿಮದಲ್ಲಿ ಸುಣ್ಣಕಲ್ಲಿನ ಗುಂಡಿ ದಿಣ್ಣೆಗಳ ಕಾಕ್‌ಪಿಟ್ ಕಂಟ್ರಿ, ಇವೆರಡೂ ಅವರ ನೆಲೆ. ಕಾಡುಹಂದಿ ಬೇಟೆಯಾಡಿ, ಆಲ್‌ಸ್ಪೈಸ್ ಮತ್ತು ಮೆಣಸಿನಕಾಯಿ ಹಚ್ಚಿ, ನೆಲದಲ್ಲಿ ಗುಂಡಿ ತೋಡಿ ಮುಚ್ಚಿ ಬೇಯಿಸುತ್ತಿದ್ದರು. ಹೊಗೆ ಮೇಲೆದ್ದರೆ ಹುಡುಕಿಕೊಂಡು ಬಂದ ಸೈನಿಕರಿಗೆ ಜಾಗ ಗೊತ್ತಾಗುತ್ತದೆ, ಅದಕ್ಕೆ ಹಾಗೆ ಎಂದು ಅವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಹೇಳುತ್ತಾರೆ. ಸುದ್ದಿ ಮುಟ್ಟಿಸಲು ಅಬೆಂಗ್ ಅನ್ನುವ ದನದ ಕೊಂಬು ಊದುತ್ತಿದ್ದರು. ಕೊನೆಗೆ ಸೋಲಿಸಲು ಆಗದೆ ಇಂಗ್ಲಿಷರೇ 1739ರಲ್ಲಿ ಮರೂನರ ನಾಯಕ ಕುಡ್ಜೋ ಜೊತೆ ಒಪ್ಪಂದ ಮಾಡಿಕೊಂಡರು. ಜಮೈಕಾದಲ್ಲಿ ಗುಲಾಮಗಿರಿ ಪೂರ್ತಿ ಮುಗಿದದ್ದು 1838ರಲ್ಲಿ, ಅಂದರೆ ಸುಮಾರು ನೂರು ವರ್ಷ ಮೊದಲೇ ಈ ಜನ ತಮ್ಮ ಸ್ವಾತಂತ್ರ್ಯವನ್ನು ಕಾಗದದ ಮೇಲೆ ಬರೆಸಿಕೊಂಡಿದ್ದರು! ಅದೇ ಒಪ್ಪಂದದಲ್ಲಿ, ಇನ್ನು ಮುಂದೆ ತಪ್ಪಿಸಿಕೊಂಡು ಬರುವ ಗುಲಾಮರನ್ನು ಹಿಡಿದು ಒಪ್ಪಿಸಬೇಕು ಅನ್ನುವ ಷರತ್ತೂ ಇತ್ತು. ಅದು ಕಹಿಯಾದ ಭಾಗ, ಅದನ್ನೂ ಹೇಳಬೇಕು.

ಪೂರ್ವದ ಮರೂನರನ್ನು ನಡೆಸಿದ ನ್ಯಾನಿ ಇವತ್ತು ಜಮೈಕಾದ ರಾಷ್ಟ್ರವೀರರಲ್ಲಿ ಒಬ್ಬಳು, ಅಲ್ಲಿನ 500 ಡಾಲರ್ ನೋಟಿನ ಮೇಲೆ ಅವಳ ಚಿತ್ರ ಇದೆ. ಅಕಾಂಪಾಂಗ್ ಊರಿನಲ್ಲಿ ಪ್ರತಿ ಜನವರಿ 6ಕ್ಕೆ ಮರೂನರು ಹಬ್ಬ ಮಾಡುತ್ತಾರೆ, ಕಿಂಡಾ ಅನ್ನುವ ಹಳೇ ಮಾವಿನ ಮರದ ಹತ್ತಿರ ಸೇರಿ, ಉಪ್ಪು ಹಾಕದೆ ಬೇಯಿಸಿದ ಹಂದಿ ಮಾಂಸ ಹಂಚಿ ತಿನ್ನುತ್ತಾರೆ. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಪೂಜೆ ಮಾಡಿ ಪಂದಿ ಕರಿ, ಅಕ್ಕಿ ಉಂಡೆ ಕಡಂಬುಟ್ಟು ಉಣ್ಣುವ ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಈಗ ನನ್ನ ತಕರಾರು. ಊಟದ ಜಾಗದ ತುಂಬಾ ಕೆಂಪು ಹಳದಿ ಹಸಿರು ಬಣ್ಣ, ಗೋಡೆ ಮೇಲೆ ಬಾಬ್ ಮಾರ್ಲೆ, ಇಡೀ ರಾತ್ರಿ ರೆಗೆ. ಸಂಗೀತ ಚೆನ್ನಾಗಿದೆ, ಅದಕ್ಕೆ ಬೇಡ ಅನ್ನುವುದಿಲ್ಲ. ಆದರೆ ಆ ಮೂರು ಬಣ್ಣ ರಾಸ್ತಫಾರಿ ಅನ್ನುವ ಜಮೈಕಾದ ಧಾರ್ಮಿಕ ಪಂಥದವರದು. ಆ ಪಂಥ ಹುಟ್ಟಿದ್ದು 1930ರ ದಶಕದಲ್ಲಿ, ಮತ್ತು ಅದನ್ನು ಪಾಲಿಸುವವರು ಸಾಮಾನ್ಯವಾಗಿ ಹಂದಿ ಮುಟ್ಟುವುದಿಲ್ಲ. ಅವರ ಬಣ್ಣದ ಕೆಳಗೆ ಹಂದಿ ಬಡಿಸಿ, ಆ ಅಡುಗೆ ಕೊಟ್ಟ ಮರೂನರ ಹೆಸರನ್ನೇ ಬಿಟ್ಟರೆ ಇಬ್ಬರಿಗೂ ಅನ್ಯಾಯ ಅಲ್ವಾ? ಮೆನುವಿನಲ್ಲಿ ಇರುವುದು "ಜಮೈಕಾ ಸ್ಟೈಲ್ ಬಾರ್ಬೆಕ್ಯೂ" ಅಂತ ಅಷ್ಟೇ. ಹೋಂಸ್ಟೇ ನಡೆಸುವ ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಬೇಜಾರು ಮಾಡಿಕೊಳ್ಳದೆ ಕೂತು ಕೇಳಿದರು, ನ್ಯಾನಿಯ ಹೆಸರು ಬರೆದುಕೊಂಡರು. ಮೆನುವಿನಲ್ಲಿ ನಾಲ್ಕು ಸಾಲು ಹಾಕಿದರೂ ಸಾಕು.

ಉಳಿದದ್ದು ಬೇಗ ಹೇಳುತ್ತೇನೆ. ತೆಂಗಿನ ಹಾಲಿನಲ್ಲಿ ರಾಜ್ಮಾ ಹಾಕಿ ಮಾಡಿದ ಅನ್ನ ಚೆನ್ನಾಗಿತ್ತು, ಜರ್ಕ್ ಜೊತೆ ಅದೇ ಬೇಕು. ಹುರಿದ ನೇಂದ್ರ ಬಾಳೆಹಣ್ಣು ಎಣ್ಣೆ ಜಾಸ್ತಿ. ಆಡಿನ ಕರಿ ಮಾತ್ರ ಸಪ್ಪೆ. ಜಮೈಕಾಕ್ಕೆ 1845ರಿಂದ ಕೂಲಿಗೆ ಹೋದ ಭಾರತದವರು ಕೊಟ್ಟ ಅಡುಗೆ ಅದು, ಈಗ ಅಲ್ಲಿನ ಮದುವೆ ಸಮಾರಂಭಗಳಲ್ಲಿ ಇರಲೇಬೇಕು. ಇಲ್ಲಿ ಅದಕ್ಕೆ ನಮ್ಮ ಮಾಮೂಲಿ ಗರಂ ಮಸಾಲೆ ಸುರಿದಿದ್ದಾರೆ, ತಿಂದರೆ ಹೈವೇ ಹೋಟೆಲಿನ ಮಟನ್ ಕರಿ. ಕುಡಿಯಲು ಕೆಂಪು ಪುಂಡಿ ಹೂವಿನ ಬುಡದ ಕೆಂಪು ಕವಚ ಒಣಗಿಸಿ, ಶುಂಠಿ ಹಾಕಿ ಕುದಿಸಿದ ಸಾರೆಲ್ ಕೊಡುತ್ತಾರೆ, ಅಲ್ಲಿ ಕ್ರಿಸ್‌ಮಸ್‌ಗೆ ಮಾಡುವ ಪಾನಕ. ಇನ್ನೊಂದು ಲೋಟ ಕೇಳಿ, ಕೊಡುತ್ತಾರೆ.

ಹಿಂದಿನ ದಿನವೇ ಫೋನ್ ಮಾಡಿ ಹೇಳಬೇಕು, ಮಾಂಸ ನೆನೆಯಬೇಕಲ್ಲ. ಸಸ್ಯಾಹಾರಿಗಳಿಗೆ ಅನ್ನ, ಬಾಳೆಹಣ್ಣು, ಒಂದು ಪಲ್ಯ, ಅಷ್ಟಕ್ಕೆ 1,200 ಜಾಸ್ತಿಯಾಯಿತು. ಮಳೆಗಾಲದಲ್ಲಿ ಕೊನೆಯ ಇಳಿಜಾರಿಗೆ ಸಣ್ಣ ಕಾರು ತರಬೇಡಿ, ಮೇಲೆ ರಸ್ತೆಯಲ್ಲೇ ನಿಲ್ಲಿಸಿದರೆ ಅವರ ಜೀಪ್ ಬರುತ್ತದೆ.