ಅಂಗಡಿ ಇಂಗ್ಲಿಷ್ ಕಲಿಸುವ ಆ್ಯಪ್: ಒಂದೂವರೆ ವರ್ಷ ಬಳಸಿದ ಮೇಲೆ

ಬೆಳಗಾವಿಯ ಖಡೇಬಜಾರ್‌ನಲ್ಲಿ ನಮ್ಮದು ಸೀರೆ, ಕುರ್ತಾಗಳ ಅಂಗಡಿ. ಕನ್ನಡ, ಮರಾಠಿ, ಹಿಂದಿಯಲ್ಲಿ ವ್ಯಾಪಾರ ಮಾಡಿ ಬೆಳೆದವನು ನಾನು. ಸೋತದ್ದು ಇಂಗ್ಲಿಷಿನ ಮುಂದೆ. ಒಮ್ಮೆ ಕ್ಯಾಂಪ್ ಕಡೆಯಿಂದ ಬಂದ ಸೇನಾಧಿಕಾರಿಯ ಪತ್ನಿಯೊಬ್ಬರು ಇಳಕಲ್ ಸೀರೆಗಳನ್ನು ನೋಡಿ ‘ಐ ವಿಲ್ ಶಾಪ್ ಅರೌಂಡ್’ ಎಂದರು. ಇನ್ನಷ್ಟು ಕೊಳ್ಳುತ್ತಾರೆಂದು ಹಿಗ್ಗಿ ಮತ್ತೆ ಹತ್ತು ಸೀರೆ ಬಿಚ್ಚಿ ಹಾಸಿದೆ. ಬೇರೆ ನಾಲ್ಕು ಅಂಗಡಿಗಳಲ್ಲಿ ದರ ನೋಡುತ್ತೇನೆ ಎಂಬುದು ಅದರ ಅರ್ಥವಂತೆ! ಅವರು ಹೋದರು, ನಾನು ಸೀರೆ ಮಡಚುತ್ತ ಕುಳಿತೆ. ಆ ವಾರವೇ ಮಗಳು ಈ ಆ್ಯಪ್ ಹಾಕಿಕೊಟ್ಟಳು.

ಮೊದಲ ಎರಡು ತಿಂಗಳು ವ್ಯರ್ಥ. ಗೆಟ್, ಪುಟ್, ಟೇಕ್‌ಗಳಿಗೆ ‘ಆನ್’, ‘ಆಫ್’ಗಳನ್ನು ಅಂಟಿಸಿದ ಜೋಡಿಪದಗಳ ಉದ್ದುದ್ದ ಪಟ್ಟಿ. ಬೆಳಿಗ್ಗೆ ಓದಿದ್ದು ಅಂಗಡಿ ಮುಚ್ಚುವ ಹೊತ್ತಿಗೆ ಮಾಯ. ಬಟ್ಟೆ ಅಂಗಡಿಯ ಪಾಠಕ್ಕೆ ಬಂದ ಮೇಲೆ ದಾರಿ ಕಂಡಿತು. ‘ಟ್ರೈ ಆನ್’ ಎಂದರೆ ನಮ್ಮ ‘ಹಾಕಿ ನೋಡು’. ‘ಪುಟ್ ಅಸೈಡ್’ ಎಂದರೆ ‘ಎತ್ತಿಡು’. ‘ತಿಂದು ನೋಡು’ ಎನ್ನುವಾಗ ಕಣ್ಣಿಗೇನು ಕೆಲಸ? ಅವರ ‘ಆನ್’, ‘ಆಫ್’ಗಳೂ ಹಾಗೆಯೇ, ಜೊತೆಗೂಡಿ ಬೇರೆ ಅರ್ಥ ಕೊಡುತ್ತವೆ. ಇದನ್ನು ಆ್ಯಪ್ ಹೇಳಲಿಲ್ಲ. ಗಲ್ಲಾದ ಮುಂದೆ ಕುಳಿತು ನಾನೇ ಕಂಡುಕೊಂಡದ್ದು.

ಆ್ಯಪ್ ಚೆನ್ನಾಗಿ ಕಲಿಸಿದ್ದು ‘ಇಟ್’ ಎಲ್ಲಿ ಕೂರಬೇಕೆಂಬುದನ್ನು. ‘ಟ್ರೈ ಆನ್ ದ ಕುರ್ತಾ’ ಎನ್ನಬಹುದು, ‘ಟ್ರೈ ದ ಕುರ್ತಾ ಆನ್’ ಎಂದರೂ ಸರಿಯೇ. ಕುರ್ತಾದ ಬದಲು ‘ಇಟ್’ ಬಂದರೆ ಮಾತ್ರ ಅದು ನಡುವೆಯೇ ಕೂರಬೇಕು: ‘ಟ್ರೈ ಇಟ್ ಆನ್’. ಆದರೆ ‘ಲುಕ್ ಫಾರ್’ ಎಂಬ ಜೋಡಿ ಬಿಡಿಸಿಕೊಳ್ಳುವುದಿಲ್ಲ, ‘ಲುಕ್ ಫಾರ್ ಇಟ್’ ಎಂದೇ ಹೇಳಬೇಕು. ಈ ಅಭ್ಯಾಸವನ್ನು ಅದು ಬೇಸರ ಬರುವಷ್ಟು ಮಾಡಿಸಿತು. ಬೇಸರ ಬಂದದ್ದಕ್ಕೇ ನಾಲಿಗೆಗೆ ಹತ್ತಿತು.

ಕೊರತೆ ದೊಡ್ಡದು: ಚೌಕಾಸಿಯೇ ಇಲ್ಲ. ಅದರ ಗಿರಾಕಿಗಳೆಲ್ಲ ಚೀಟಿಯ ಬೆಲೆ ಕೊಟ್ಟು ಹೋಗುವ ಪುಣ್ಯಾತ್ಮರು. ಅಂಗಡಿಯವನೇ ದರ ಇಳಿಸುವ ‘ಮಾರ್ಕ್ ಡೌನ್’ ಇದೆ. ಸ್ವಲ್ಪ ಕಡಿಮೆ ಮಾಡಿ ಎಂದು ಕೇಳಲು ಬೇಕಾದ ‘ನಾಕ್ ಆಫ್’ ಇಲ್ಲ. ಅದನ್ನು ಗೋವಾದ ಗಿರಾಕಿಯೊಬ್ಬರ ಬಾಯಿಂದ ಕಲಿತೆ, ನೂರು ರೂಪಾಯಿ ಕಳೆದುಕೊಂಡು. ನನ್ನ ಉಚ್ಚಾರಣೆಯನ್ನೂ ಆ್ಯಪ್ ಎರಡಕ್ಕೊಮ್ಮೆ ತಪ್ಪೆನ್ನುತ್ತದೆ. ವರ್ಷ ತುಂಬಿದಾಗ ಮತ್ತೆ ಶುಲ್ಕ ಕಡಿತವಾಯಿತು. ತಾನಾಗಿ ಶುಲ್ಕ ಕಡಿತವಾಗುವ ಆ ಆಯ್ಕೆಯನ್ನು ಮೊದಲೇ ಬಂದ್ ಮಾಡಿಬಿಡಿ.

ಐದರಲ್ಲಿ ಮೂರು ನಕ್ಷತ್ರ ಕೊಡುತ್ತೇನೆ. ಕಳೆದ ವಾರ ಒಬ್ಬರು ಕೆಂಪು ಗುಳೇದಗುಡ್ಡ ಖಣ ಕೇಳಿದರು. ಮುಗಿದುಹೋಗಿತ್ತು. ‘ಸಾರಿ, ರನ್ ಔಟ್’ ಎಂದೆ ಗತ್ತಿನಿಂದ. ಮೊಬೈಲಿನಲ್ಲಿ ಪಂದ್ಯ ನೋಡುತ್ತಿದ್ದ ಅಂಗಡಿಯ ಹುಡುಗ ತಲೆಯೆತ್ತಿ, “ಯಾರು, ಕಾಕಾ?” ಎಂದ.