ಫೀಡಿಂಗ್ ಬಾಟಲಿಯಲ್ಲಿ ಪೆಟ್ರೋಲ್ ಪರೀಕ್ಷೆ: ನಾನು ಮಾಡಿದ್ದನ್ನು ನೀವು ಮಾಡಬೇಡಿ

ಜುಲೈ ಮಳೆಯಲ್ಲಿ ನನ್ನ ಹಳೇ ಬೈಕು ಮೂರು ವಾರ ಶಿವಮೊಗ್ಗದ ಮನೆಯಂಗಳದಲ್ಲಿ ಸುಮ್ನೆ ನಿಂತಿತ್ತು. ಆಮೇಲೆ ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗಲಿಲ್ಲ. ಮೆಕ್ಯಾನಿಕ್ ಕಾರ್ಬೊರೇಟರ್ ಬಿಚ್ಚಿ ನೋಡಿ, "ನೀರು ಸೇರಿದೆ ಸಾರ್" ಅಂದ. ಟ್ಯಾಂಕ್ ಖಾಲಿ ಮಾಡಿ ತೊಳೆದುಕೊಟ್ಟ.

ನನ್ನ ಸಿಟ್ಟೆಲ್ಲ ಬಂಕಿನ ಮೇಲೆ ತಿರುಗಿತು. ಅದೇ ಬಂಕಿನಲ್ಲಿ ಮತ್ತೆ ಪೆಟ್ರೋಲ್ ಹಾಕಿಸಿಕೊಂಡು, ಮೋಸ ಹಿಡಿದೇ ಬಿಡೋಣ ಅಂತ ಮನೆಯಲ್ಲೇ ಪರೀಕ್ಷೆಗೆ ಕೂತೆ. ವಿಧಾನ ಸುಲಭ. ಅಳತೆ ಗುರುತಿರುವ ಪಾತ್ರೆಗೆ 20 ಎಂ.ಎಲ್. ನೀರು, 80 ಎಂ.ಎಲ್. ಪೆಟ್ರೋಲ್ ಹಾಕಿ ಕುಲುಕಿ ಇಡಬೇಕು. ಕೆಳಗಿನ ಪದರ ಎಲ್ಲಿಯವರೆಗೆ ಏರುತ್ತದೆ ನೋಡಬೇಕು. ಅಳತೆ ಗುರುತಿರುವುದು ಅಂತ ಮನೆಯಲ್ಲಿ ಸಿಕ್ಕಿದ್ದು ಮಗಳ ಹಳೇ ಫೀಡಿಂಗ್ ಬಾಟಲಿ. ಜಾಗ, ಅಡುಗೆಮನೆ ಕಟ್ಟೆ. ಎಂಥ ಬುದ್ಧಿ ಅಲ್ವಾ?

ಮುಚ್ಚಳ ಬಿಗಿ ಮಾಡಿ ಜೋರಾಗಿ ಕುಲುಕಿದೆ. ಕುಲುಕಿದಾಗ ಪೆಟ್ರೋಲಿನ ಆವಿಯಿಂದ ಒಳಗೆ ಒತ್ತಡ ಕಟ್ಟಿಕೊಳ್ಳುತ್ತದೆ ಅನ್ನೋದು ಹೊಳೆಯಲೇ ಇಲ್ಲ. ಮುಚ್ಚಳ ಸ್ವಲ್ಪ ತಿರುಗಿಸಿದ್ದೇ ತಡ, ಪಿಚಕ್ಕನೆ ಚಿಮ್ಮಿ ಬಲಗಣ್ಣಿಗೆ, ಅಂಗಿಗೆ, ನೆಲಕ್ಕೆಲ್ಲ ಹಾರಿತು. ಐದು ಹೆಜ್ಜೆ ಆಚೆ ದೇವರ ಮನೆಯಲ್ಲಿ ಅಮ್ಮ ದೀಪ ಹಚ್ಚಲು ಬೆಂಕಿಪೊಟ್ಟಣ ತೆಗೆದಿದ್ದರು. "ಅತ್ತೆ, ಕಡ್ಡಿ ಗೀರಬೇಡಿ!" ಅಂತ ಕೂಗಿ ನನ್ನ ಹೆಂಡತಿ ಪೊಟ್ಟಣ ಕಿತ್ತುಕೊಂಡಳು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲಕ್ಕಂಟಿಕೊಂಡೇ ಹರಿದು, ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ. ನಾನು ನಲ್ಲಿ ಕೆಳಗೆ ಕಣ್ಣು ಬಿಟ್ಟುಕೊಂಡು ಕಾಲು ಗಂಟೆ ನಿಂತಿದ್ದೆ. ಉರಿ ಸಂಜೆಯವರೆಗೂ ಹೋಗಲಿಲ್ಲ.

ಇಷ್ಟಾದರೂ ಹಟ ಬಿಡಲಿಲ್ಲ ನೋಡಿ. ಬಾಟಲಿಯಲ್ಲಿ ಉಳಿದದ್ದನ್ನು ಅಳೆದೆ. ಅಂಕಿಗಳ ಬಣ್ಣ ಕರಗಿ ಬೆರಳಿಗೆ ಹತ್ತುತ್ತಿತ್ತು. ಕೆಳಗಿನ ಪದರ 20ರಿಂದ ಸುಮಾರು 34ಕ್ಕೆ ಏರಿತ್ತು. 14 ಎಂ.ಎಲ್. ನೀರು! ಫೋಟೊ ತೆಗೆದುಕೊಂಡು ಬಂಕಿಗೆ ಹೋಗಿ, ನಾಲ್ಕು ಜನ ಸೇರುವ ಹಾಗೆ ಕೂಗಾಡಿದೆ.

ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ. "ಸಾರ್, ನೀವು ನೀರು ಹಾಕೋ ಮುಂಚೆ ಪೆಟ್ರೋಲಿನ ತಳದಲ್ಲಿ ನೀರು ಬೇರೆಯಾಗಿ ನಿಂತ ಗೆರೆ ಕಾಣ್ತಿತ್ತಾ?"

ಇರಲಿಲ್ಲ. ಏರಿದ್ದು ನೀರಲ್ಲ, ಎಥನಾಲ್, ಅಂದರೆ ಪೆಟ್ರೋಲಿಗೆ ಬೆರೆಸುವ ಆಲ್ಕೋಹಾಲ್. ಈಗ ಸಿಗುವುದು ಇ20. ಅಂದರೆ ಲೀಟರಿಗೆ 200 ಎಂ.ಎಲ್. ವರೆಗೆ ಎಥನಾಲ್. ಅದಕ್ಕೆ ಪೆಟ್ರೋಲಿಗಿಂತ ನೀರೇ ಜಾಸ್ತಿ ಇಷ್ಟ. ನೀರು ಕಂಡರೆ ಪೆಟ್ರೋಲ್ ಬಿಟ್ಟು ಕೆಳಗಿಳಿಯುತ್ತದೆ. 80 ಎಂ.ಎಲ್.ನಲ್ಲಿ 16 ಎಥನಾಲ್. ಸ್ವಲ್ಪ ಮೇಲೇ ಉಳಿಯುತ್ತದೆ, 14 ಇಳಿದಿತ್ತು. ಲೆಕ್ಕ ಸರಿಯಾಗಿಯೇ ಇತ್ತು, ಅರ್ಥ ಮಾಡಿಕೊಂಡವನು ತಪ್ಪು. ಅವರು ಅಳತೆ ಕೋಲಿಗೆ ನೀರು ಪತ್ತೆ ಮಾಡುವ ಪೇಸ್ಟ್ ಹಚ್ಚಿ ನೆಲದಡಿಯ ಟ್ಯಾಂಕಿಗೆ ಇಳಿಸಿ ತೋರಿಸಿದರು. ಬಣ್ಣ ಬದಲಾಗಲಿಲ್ಲ. ನಾನು ಹೆಲ್ಮೆಟ್ ಹಾಕಿಕೊಂಡೇ ಕ್ಷಮೆ ಕೇಳಿದೆ.

ಹಾಗಾದರೆ ಬೈಕಿಗೆ ನೀರು ಬಂದದ್ದೆಲ್ಲಿಂದ? ಟ್ಯಾಂಕ್ ಮುಚ್ಚಳದ ರಬ್ಬರ್ ವಾಷರ್ ಸೀಳಿತ್ತು. ಮೂರು ವಾರದ ಮಳೆ ಅಲ್ಲಿಂದಲೇ ಇಳಿದಿತ್ತು. ಸ್ವಲ್ಪ ನೀರಾದರೆ ಎಥನಾಲ್ ಕರಗಿಸಿಕೊಳ್ಳುತ್ತದೆ. ಮಿತಿ ಮೀರಿದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕಿಳಿಯುತ್ತವೆ, ಇಂಜಿನ್‌ಗೆ ಹೋಗುವುದು ಆ ತಳದ್ದೇ.

ಬಂಕಿನ ಮೇಲೆ ಅನುಮಾನ ಬಂದರೆ ಅಲ್ಲೇ ಡೆನ್ಸಿಟಿ (ಸಾಂದ್ರತೆ), ಫಿಲ್ಟರ್ ಪೇಪರ್ (ಕಾಗದಕ್ಕೆ ಹನಿ ಹಾಕಿ ಕಲೆ ಉಳಿಯುತ್ತದಾ ನೋಡುವುದು) ಪರೀಕ್ಷೆ ಕೇಳಿ, ಗ್ರಾಹಕರು ಕೇಳಿದರೆ ಮಾಡಿ ತೋರಿಸಬೇಕು. ಎಥನಾಲ್ ಎಷ್ಟಿದೆ ಅಂತ ನೋಡಲೇಬೇಕಾದರೆ ಗಾಜಿನ ಅಳತೆ ಜಾಡಿ ತನ್ನಿ. ಬಯಲಲ್ಲಿ, ರಕ್ಷಣೆಯ ಕನ್ನಡಕ ಹಾಕಿಕೊಂಡು, ಮೆಲ್ಲಗೆ ಕುಲುಕಿ, ಆಗಾಗ ಮುಚ್ಚಳ ಸಡಿಲಿಸಿ. ಮೊಬೈಲ್ ಮನೆಯೊಳಗಿರಲಿ. ಮುಗಿದ ಮೇಲೆ ಸಿಂಕಿಗಂತೂ ಸುರಿಯಬೇಡಿ. ನಾನು ಸುರಿದಿದ್ದೆ. ಎರಡು ದಿನ ಬಚ್ಚಲ ಮೋರಿಯಿಂದ ಪೆಟ್ರೋಲ್ ವಾಸನೆ ಬರುತ್ತಿತ್ತು, ಅಷ್ಟೂ ದಿನ ಅಮ್ಮ ದೀಪ ಹಚ್ಚಲಿಲ್ಲ.